ಸಾಯಲೊಲ್ಲದ ಸೇನಾಪತಿ

ಅಧಿಕಾರದಾಸೆ ಮನುಷ್ಯನನ್ನು ಮುಗಿಲಿಗೆ ಏರಿಸಿ, ಅಲ್ಲಿಂದ ಪಾತಾಳಕ್ಕೆ ನೂಕುತ್ತದೆ ಎಂದು ಲೋಕದ ದುರಂತ ನಾಟಕಗಳೆಲ್ಲ ಒಕ್ಕೊರಲಿನಿಂದ ಸಾರುತ್ತ ಬಂದಿವೆ. ಹನೂರಿನ ಕಡೆ ಅದು ಅಷ್ಟೆಲ್ಲ ಮಾಡುವುದಿಲ್ಲ. ಗಂಟಲು ಕಟ್ಟಿಸುತ್ತದೆ.

ನಾನು ಈ ಮಾತನ್ನು ಅನುಭವದಿಂದ ಹೇಳುತ್ತಿದ್ದೇನೆ. ನಾಟಕ ಬರೆದವನು ನಾನೇ.

ಹನೂರಿನ ದಾರಿಯಲ್ಲಿ ಬಸ್ಸು ಇಳಿದು ಒಳಕ್ಕೆ ನಡೆದರೆ ಸಿಗುವ ಹಳ್ಳಿಯೊಂದರವರು ಕೊಳ್ಳೇಗಾಲಕ್ಕೆ ಬಂದು ನನ್ನನ್ನು ಹಿಡಿದರು. ಪುರಾಣದ ನಾಟಕ ಆಡಿ ಆಡಿ ಬೇಜಾರಾಗಿದೆಯಂತೆ. ಹೊಸದು ಬೇಕಂತೆ. ದುರಂತ ನಾಟಕದ ಲಕ್ಷಣಗಳನ್ನು ಹುಡುಗರ ತಲೆಗೆ ತುರುಕುವುದರಲ್ಲೇ ಕೂದಲು ನರೆಸಿಕೊಂಡ ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ಆಮಿಷ ಯಾವುದಿದೆ? ಬರೆದೇಬಿಟ್ಟೆ.

ಕಥೆ ಹಳೆಯ ಜಾಡಿನದೇ. ಇಬ್ಬರು ಅಣ್ಣತಮ್ಮಂದಿರು. ಅಣ್ಣ ಸೇನಾಪತಿ. ಹೆಂಡತಿಯ ಮಾತು ಕೇಳಿ ಮುದಿ ರಾಜನಿಗೆ ವಿಷದ ಬಟ್ಟಲು ಕೊಟ್ಟು ಸಿಂಹಾಸನ ಏರುತ್ತಾನೆ. ತಮ್ಮನಿಗೂ ಅಷ್ಟೇ ಶೌರ್ಯ, ಅಷ್ಟೇ ಹಕ್ಕು. ಆದರೆ ಅವನಿಗೆ ಏನೂ ಬೇಡ, ಹೊಲದಲ್ಲಿ ಹಾಡಿಕೊಂಡಿರುತ್ತಾನೆ. ಕೊನೆಯ ಅಂಕದಲ್ಲಿ ಅಣ್ಣ ಅದೇ ಬಟ್ಟಲಿನಿಂದ ವಿಷ ಕುಡಿದು ಸಾಯುತ್ತಾನೆ. ಬೇಡವೆಂದವನಿಗೆ ಸಿಂಹಾಸನ.

ಸೇನಾಪತಿಯ ಪಾರ್ಟು ಯಾರಿಗೆ? ಪ್ರಶ್ನೆ ಏಳುವ ಮೊದಲೇ ಉತ್ತರ ಬಂದು ಜಗಲಿಯ ಮೇಲೆ ಕುಳಿತಿತ್ತು. ಯಜಮಾನ ಶಿವಮಲ್ಲಪ್ಪನವರು. ಗದ್ದೆ, ಹಿಪ್ಪುನೇರಳೆ ತೋಟ, ವಿಭೂತಿಗೆಂದೇ ಮಾಡಿಸಿದಂಥ ಅಗಲವಾದ ಹಣೆ. ತಮ್ಮನ ಪಾರ್ಟು ವೀಳ್ಯದೆಲೆ ಬೆಳೆಯುವ ನಂಜುಂಡನಿಗೆ. ಅವನು ಹಾಡುತ್ತಿದ್ದ. ಏನೂ ಬೇಡ ಅನ್ನುವುದನ್ನಂತೂ ಅವನಿಗೆ ಕಲಿಸಬೇಕಾಗಿರಲಿಲ್ಲ.

ಯಜಮಾನರಿಗೆ ರಾಜನಾಗುವ ತುರ್ತು ಇತ್ತು. ಮಗಳಿಗೆ ಯಳಂದೂರಿನ ಗಂಡಿನ ಮಾತು ನಡೆದಿತ್ತು. ನಾಟಕ ನೋಡುವ ನೆಪದಲ್ಲಿ ಬೀಗರಾಗತಕ್ಕವರು ಬರುವವರಿದ್ದರು. (ಯಳಂದೂರು ಮೈಸೂರು ಸೀಮೆ. ನಾವು ಕೊಳ್ಳೇಗಾಲದವರೋ, ಕೊಯಮತ್ತೂರು ಜಿಲ್ಲೆಗೆ ಸೇರಿ, ಕನ್ನಡದಲ್ಲಿ ಕನಸು ಕಂಡು ಅಲ್ಲಿನ ಕಲೆಕ್ಟರಿಗೆ ಅರ್ಜಿ ಬರೆಯುವವರು.)

“ಅವ್ರು ದಸರಾ ಕಂಡೋರು ಮೇಷ್ಟ್ರೇ,” ಎಂದರು ಶಿವಮಲ್ಲಪ್ಪನವರು. “ಆನೆ ಮ್ಯಾಲ ಕೂತ ನಿಜವಾದ ರಾಜರ ಕಂಡೋರು. ನಾವೇನ್ ಕಂಡಿದ್ದೀವಿ? ಕಲೆಕ್ಟ್ರ ಜೀಪ. ಅವ್ರ ಕಣ್ಣಿಗ ನಾನು ರಾಜ್ನಂಗೇ ಕಾಣ್ಬೇಕು.”

ರಿಹರ್ಸಲ್ ಯಜಮಾನರ ಪಡಸಾಲೆಯಲ್ಲಿ, ಮಧ್ಯಾಹ್ನದ ಹೊತ್ತು. ಪಡಸಾಲೆಯ ಅರ್ಧ ರೇಷ್ಮೆಹುಳುವಿನದು. ಅಟ್ಟಣೆಯ ಮೇಲೆ ಸಾಲಾಗಿ ಬಿದಿರಿನ ತಟ್ಟೆಗಳು. ಮೊದಲ ದಿನ ಸೇನಾಪತಿ ಅಬ್ಬರಿಸಲು ಬಾಯಿ ತೆರೆದದ್ದೇ ತಡ, ಯಜಮಾನತಿ ಗೌರಮ್ಮ ಒಳಗಿನಿಂದ ಬಂದರು.

“ಹುಳ ಜ್ವರಕ್ಕ ಕೂತವ. ಕೂಗ್ಬ್ಯಾಡಿ.”

ಪೊರೆ ಬಿಡುವ ಮುನ್ನ ಹುಳುಗಳು ಮೇವು ಬಿಟ್ಟು, ತಲೆ ಮೇಲೆತ್ತಿ, ಅಲುಗದೆ ಕೂರುತ್ತವೆ. ಅದನ್ನೇ ಜ್ವರ ಅನ್ನುತ್ತಾರೆ. ಆಗ ಆ ಮನೆಯಲ್ಲಿ ಯಾರೂ ದನಿಯೆತ್ತುವಂತಿಲ್ಲ. ಜ್ವರ ಬಿಟ್ಟಮೇಲೂ ಗೌರಮ್ಮ ಆಜ್ಞೆಯನ್ನು ಹಿಂದಕ್ಕೆ ಪಡೆಯಲಿಲ್ಲ. ಹೀಗಾಗಿ ನನ್ನ ದುರಂತ ನಾಟಕ ಪೂರ್ತಿ ಪಿಸುಮಾತಿನಲ್ಲೇ ತಯಾರಾಯಿತು. ಸೇನಾಪತಿ ಪಿಸುಗುಟ್ಟುತ್ತ ಯುದ್ಧ ಸಾರಿದರು. ರಾಜ ಪಿಸುಗುಟ್ಟುತ್ತ ಸತ್ತ. ನಂಜುಂಡ ಹಾಡಿದರೆ ಹಾಡು ಯಾವುದು, ಹುಳುಗಳು ಸೊಪ್ಪು ಮೇಯುವ ಸದ್ದು ಯಾವುದು ಎಂದು ತಿಳಿಯುತ್ತಿರಲಿಲ್ಲ. ಹೊರಗೆ ಬಿಸಿಲು. ಒಳಗೆ ಹಸಿಸೊಪ್ಪಿನ ವಾಸನೆ, ಮಬ್ಬು ಬೆಳಕು. ಎಷ್ಟೋ ಸಲ ಹೇಳಿಕೊಡುತ್ತಿದ್ದ ನಾನೇ ಕಣ್ಣುಮುಚ್ಚಿ ಎಲ್ಲಿಗೋ ಹೋಗಿಬಿಡುತ್ತಿದ್ದೆ. (ನಿದ್ದೆ ಎಂದು ನಂಜುಂಡ ಹೇಳಿಕೊಂಡು ತಿರುಗಿದ್ದು ಶುದ್ಧ ಸುಳ್ಳು.)

ಪಾರ್ಟನ್ನು ಒಂದೊಂದೇ ಅಂಕವಾಗಿ ಬಾಯಿಪಾಠ ಮಾಡಿಸುವುದು ಪದ್ಧತಿ. ಪಟ್ಟಾಭಿಷೇಕದವರೆಗೆ ಕಲಿತ ಯಜಮಾನರು ನಾಟಕ ಅಲ್ಲಿಗೆ ಮುಗಿಯಿತೆಂದೇ ತಿಳಿದಿದ್ದರು. ಸಿಂಹಾಸನ ಸಿಕ್ಕಿದ ಮೇಲೆ ಇನ್ನೇನಿರುತ್ತದೆ? ಕೊನೆಯ ಅಂಕವನ್ನು ನಾನು ಓದಿದಾಗ ಅವರ ಮುಖ ಸುಣ್ಣವಾಯಿತು.

“ನಾನು ಸಾಯದಾ?”

“ದುರಂತ ನಾಟಕ ಯಜಮಾನರೇ. ಸಾಯಲೇಬೇಕು.”

“ದುರಂತವ ನಿಮ್ಮ ಇಸ್ಕೂಲಲ್ಲಿ ಮಡಿಕಳಿ. ಮಂಗಳ ಹಾಡೋವಾಗ ಕುರ್ಚಿ ಮ್ಯಾಲ ಇರದ್ಯಾರು?”

ಅದು ಮುಖ್ಯವಾದ ಪ್ರಶ್ನೆ. ಆ ಊರಿನಲ್ಲಿ ಮಂಗಳದ ಹೊತ್ತಿಗೆ ಸಿಂಹಾಸನದ ಮೇಲೆ ಯಾರಿರುತ್ತಾರೋ ಅವರಿಗೆ ಮುತ್ತೈದೆಯರು ಆರತಿ ಎತ್ತುತ್ತಾರೆ. ನಂಜುಂಡ ಎಂದು ನಾನು ಹೇಳಲಿಲ್ಲ. ಹೇಳುವ ಅಗತ್ಯವೂ ಬರಲಿಲ್ಲ. ಗೌರಮ್ಮ ಸೊಪ್ಪಿನ ಬುಟ್ಟಿ ಕೆಳಗಿಟ್ಟು ಬಂದು ನಿಂತಿದ್ದರು.

“ಮದ್ವೆ ಮಾತು ನಡೀತಾ ಅದ. ಎಣ್ಣಿನ ಅಪ್ಪ ಬೀಗ್ರ ಮುಂದ ಸತ್ತು ಬೀಳದಾ? ಅವ್ರು ಅಪಶಕುನ ಅಂತ ಎದ್ದು ಓದ್ರ ನನ್ನ ಮಗಳ ನೀವು ಮದ್ವೆ ಆದೀರಾ ಮೇಷ್ಟ್ರೇ?”

ಇದನ್ನೂ ಪಿಸುಮಾತಿನಲ್ಲೇ ಹೇಳಿದರು. ಪಿಸುಮಾತಿನ ಬೈಗುಳ ಎಷ್ಟು ಆಳಕ್ಕೆ ಇಳಿಯುತ್ತದೆ ಎಂದು ಅಂದೇ ತಿಳಿದದ್ದು. ರಾಜನ ಆಸೆ ಒಂದು ಕಡೆ, ಮಗಳ ಮದುವೆ ಇನ್ನೊಂದು ಕಡೆ. ನಡುವೆ ಕೈಯಲ್ಲಿ ಹಾಳೆ ಹಿಡಿದ ನಾನು.

ಎಲೆ ಮಡಿಸುತ್ತ ಕೂತಿದ್ದ ನಂಜುಂಡ ತಲೆಯೆತ್ತಿದ.

“ನಾನೇ ಸಾಯ್ತೀನಿ ಬುಡಿ ಸಾ. ನಂಗ್ಯಾವ ಬೀಗ್ರು ಬರ್ಬೇಕಾಗದ? ಸಾಯಕ್ಮುಂಚ ಒಂದು ಹಾಡು ಕೊಡಿ, ಸಾಕು.”

ಕೊಟ್ಟೆ. ಅಣ್ಣನ ಪಾಪ ತೊಳೆಯಲು ತಮ್ಮನೇ ವಿಷ ಕುಡಿಯುತ್ತಾನೆ ಎಂದು ತಿದ್ದಿದೆ. ದುರಂತ ನಾಟಕದ ಲಕ್ಷಣಗಳಿಗೆ ಆ ಮಧ್ಯಾಹ್ನ ಅಪಾರ ಹಾನಿಯಾಯಿತು. ಮನೆಯವರೆಲ್ಲ ನಿಶ್ಚಿಂತರಾಗಿ ಮಜ್ಜಿಗೆ ಕುಡಿದರು.

ನಾಟಕದ ದಿನ ಬೀಗರು ಗಾಡಿ ಕಟ್ಟಿಕೊಂಡು ಬಂದು ಮುಂದೆಯೇ ಕುಳಿತರು. ಸಿಂಹಾಸನವೆಂದರೆ ಯಜಮಾನರ ಮನೆಯ ಕೈಕುರ್ಚಿ. ಅದರ ಮೇಲೆ ಕೊಳ್ಳೇಗಾಲದ ಮಗ್ಗದಲ್ಲಿ ಮಗಳ ಧಾರೆಗೆಂದು ನೇಯಿಸಿದ್ದ ಜರಿಸೀರೆ ಹೊದಿಸಿತ್ತು. (ಸಂಬಂಧ ಗಟ್ಟಿಯಾಗುವ ಮೊದಲೇ ಸೀರೆ. ಶಿವಮಲ್ಲಪ್ಪನವರ ಮಹತ್ವಾಕಾಂಕ್ಷೆಗೆ ಬೇರೆ ಸಾಕ್ಷಿ ಬೇಕೆ?)

ಹುಳುವಿನ ಮನೆಯಿಂದ ಹೊರಬಿದ್ದ ಸೇನಾಪತಿಗೆ ಬಯಲು ಸಿಕ್ಕಿತು. ತಿಂಗಳುಗಟ್ಟಲೆ ಅದುಮಿಟ್ಟಿದ್ದ ಅಬ್ಬರವೆಲ್ಲ ಒಟ್ಟಿಗೆ ಬಂತು. ಪಟ್ಟಾಭಿಷೇಕದ ಸೀನಿಗೆ ದನಿ ಒಡೆಯಿತು. ಕೊನೆಯ ಅಂಕಕ್ಕೆ ಗಂಟಲಿನಿಂದ ಬರೀ ಗಾಳಿ. ಅಷ್ಟರಲ್ಲಿ ಮೂಡಲ ಬೆಳ್ಳಗಾಗಿತ್ತು. ಮಹಾರಾಜರು ಮೂಕರಾಗಿ ಕುರ್ಚಿಯಲ್ಲಿ ಕುಳಿತರು, ನಂಜುಂಡ ಬಟ್ಟಲು ಹಿಡಿದು ಬಂದ.

ಅವನು ಹಾಡಿ, ಪಾನಕ ಕುಡಿದು, ಸತ್ತ. ಜನ ಒನ್ಸ್ ಮೋರ್ ಅಂದರು. ಎದ್ದು ಮತ್ತೆ ಹಾಡಿ, ಮತ್ತೆ ಸತ್ತ. ಹಿರಿಯ ಬೀಗರು ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡರು. ಸಿಂಹಾಸನದ ಕಡೆ ನೋಡುವವರು ಒಬ್ಬರೂ ಇರಲಿಲ್ಲ. ಮತ್ತೊಮ್ಮೆ ಒನ್ಸ್ ಮೋರ್. ನಂಜುಂಡ ಮೈಕೊಡವಿಕೊಂಡು ಎದ್ದು ಬಟ್ಟಲು ಎತ್ತಿದ.

ಆಗ ಶಿವಮಲ್ಲಪ್ಪನವರು ಕುರ್ಚಿಯಿಂದ ಇಳಿದು ಬಂದರು. ಅವನ ಕೈಯಿಂದ ಬಟ್ಟಲು ಕಿತ್ತುಕೊಂಡರು. ನಾನು ಬರೆಯದ ಮಾತೊಂದನ್ನು ಆಡಿದರು.

“ಕೊಡ್ಲಾ ಇತ್ತ. ಮಾಡ್ದೋನು ನಾನು. ನೀ ಯಾಕ್ಲಾ ಸಾಯ್ಬೇಕು?”

ಪಿಸುಮಾತು. ಪಡಸಾಲೆಯಲ್ಲಿ ಕಲಿತದ್ದು ಅದೊಂದೇ ಅವರಲ್ಲಿ ಉಳಿದಿತ್ತು. ಕೇಳಿಸಿಕೊಳ್ಳಲು ಇಡೀ ಬಯಲು ಮುಂದಕ್ಕೆ ಬಾಗಿತು. ಕುಡಿದರು. ಬಿದ್ದರು. ಜನ ತಲೆ ಮೇಲೆತ್ತಿ, ಅಲುಗದೆ, ಜ್ವರಕ್ಕೆ ಕೂತ ಹುಳುಗಳಂತೆ ಕುಳಿತರು.

ಮೊದಲು ಎದ್ದವರು ಗೌರಮ್ಮ. ನಾಟಕದ ಹೆಂಡತಿ ಗಂಡನನ್ನು ಸಿಂಹಾಸನಕ್ಕೆ ದಬ್ಬಿದ್ದಳು; ಈಕೆ ರಂಗ ಹತ್ತಿ ಬಂದು ಅವರ ಭುಜ ಅಲುಗಿಸಿದರು.

“ಸಾಕು, ಏಳಿ. ಅವ್ರು ನೋಡ್ತಾವ್ರ.”

ಯಜಮಾನರು ಏಳಲಿಲ್ಲ. ಹಿರಿಯ ಬೀಗರು ಎದ್ದು ನಿಂತರು. ಗಾಡಿ ಕಟ್ಟಿಸುತ್ತಾರೆ ಎಂದುಕೊಂಡೆ.

“ಇರ್ಲಿ ಬುಡಿ ಬೀಗಿತ್ತಿ,” ಎಂದರು ಅವರು. “ಸುಳ್ಸುಳ್ಳೇ ಸತ್ರ ಆಯಸ್ಸು ಎಚ್ತದ.”

ಬೀಗಿತ್ತಿ ಎಂದಿದ್ದರು. ಗೌರಮ್ಮ ಸೆರಗು ಸರಿಮಾಡಿಕೊಂಡು, ಗಂಡನನ್ನು ಅಲ್ಲೇ ಬಿಟ್ಟು ಕೆಳಗಿಳಿದರು.

ಹಾರ್ಮೋನಿಯಂ ಮಂಗಳ ಹಿಡಿಯಿತು. ಆರತಿ ತಟ್ಟೆ ತಂದ ಹೆಂಗಸರು ತಬ್ಬಿಬ್ಬಾದರು. ರಾಜ ಬಿದ್ದಿದ್ದಾನೆ, ತಮ್ಮ ಪಕ್ಕದಲ್ಲಿ ನಿಂತಿದ್ದಾನೆ, ಕುರ್ಚಿ ಬರಿದು. ‘ಹೋಗಿ ಕೂರಯ್ಯ’ ಎಂದು ನಾನು ನಂಜುಂಡನಿಗೆ ಸನ್ನೆ ಮಾಡಿದೆ. ಅವನು ತಲೆಯಾಡಿಸಿ, ಯಜಮಾನರ ಬಳಿ ನೆಲದ ಮೇಲೆ ಕುಳಿತುಬಿಟ್ಟ. ಕಡೆಗೆ ಹೆಂಗಸರು ಬರಿಯ ಕುರ್ಚಿಗೇ ಆರತಿ ಎತ್ತಿದರು. ಅದೇ ಹೊತ್ತಿಗೆ ಬಿಸಿಲು ಬಂದು ಜರಿಯ ಮೇಲೆ ಬಿತ್ತು. ನಾನು ಎಚ್ಚರವಾಗಿಯೇ ಇದ್ದೆ, ಆದರೂ ಕನಸಿನಂತಿತ್ತು.

ಆಮೇಲೆ ಕೇಳಿದೆ, ಯಾಕೆ ಯಜಮಾನರೇ ಸತ್ತಿರಿ ಎಂದು. ನಂಜುಂಡ ಮಡಿಸಿಕೊಟ್ಟ ಎಲೆಯನ್ನು ಬಾಯಿಗಿಟ್ಟುಕೊಂಡರು.

“ಗೊತ್ತಿಲ್ಲ ಮೇಷ್ಟ್ರೇ. ಅಲ್ಲಿ ಒಬ್ನೇ ಕೂತಿರದು ಎಂಗೆಂಗೋ ಆಯ್ತು.”

ಲಕ್ಷಣಗ್ರಂಥಗಳಲ್ಲಿ ಇದಕ್ಕೆ ಏನೋ ಹೆಸರಿರಬೇಕು. ಹುಡುಕಲು ಹೋಗಲಿಲ್ಲ.

ಮದುವೆ ಹೋದ ವಾರ ಯಳಂದೂರಿನಲ್ಲಿ ಆಯಿತು. ಧಾರೆಗೆ ಹುಡುಗಿ ಉಟ್ಟದ್ದು ಆ ಕುರ್ಚಿಯ ಸೀರೆಯನ್ನೇ.