ಹೆಲಿಕಾಪ್ಟರ್ ಹಾರಿಸಿದ್ದು ನಾನಲ್ಲ

ಇದನ್ನು ಹೇಳಿಬಿಡಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಪ್ರತಿ ಸಲವೂ ಯಾರೋ ಚಹಾ ತಂದರು, ಇಲ್ಲವೇ ಮೊಮ್ಮಕ್ಕಳು ಗದ್ದಲ ಎಬ್ಬಿಸಿದರು — ನಾನು ಬಾಯಿ ಮುಚ್ಚಿಕೊಂಡೆ. ನಿಜ ಹೇಳಬೇಕೆಂದರೆ ಚಹಾ ಬರಲಿ ಎಂದೇ ಕಾಯುತ್ತಿದ್ದೆ.

ನಮ್ಮ ಮನೆತನದಲ್ಲಿ ಮದುವೆಯೋ ಕುಬಸವೋ ಆಗಿ ನಾಲ್ಕು ಜನ ಕೂಡಿದರೆ ಒಂದು ಕಥೆ ಬಂದೇ ಬರುತ್ತದೆ. ಬಾಳಪ್ಪ ಗಡಹಿಂಗ್ಲಜದ ಹೈಸ್ಕೂಲ್ ಮೈದಾನದಲ್ಲಿ ರೇಡಿಯೋ ಹೆಲಿಕಾಪ್ಟರ್ ಹಾರಿಸಿ ಊರಿಗೆ ಊರನ್ನೇ ಬೆರಗುಗೊಳಿಸಿದ ಕಥೆ. ಬಾಳಪ್ಪ ಎಂದರೆ ನಾನೇ. ಆ ದಿನ ಹೆಲಿಕಾಪ್ಟರ್ ಹಾರಿದ್ದು ನಿಜ, ಜನ ಟೊಪ್ಪಿಗೆ ತೂರಿದ್ದು ನಿಜ, ನನ್ನ ಕೊರಳಿಗೆ ಹಾರ ಬಿದ್ದದ್ದೂ ನಿಜ. ಆದರೆ ಅದನ್ನು ಹಾರಿಸಿದ್ದು ನಾನಲ್ಲ. ನನ್ನ ಕೈಯಲ್ಲಿದ್ದದ್ದು ಬಿಸ್ಕೀಟಿನ ಡಬ್ಬಿ.

ಎಂಬತ್ತರ ದಶಕದ ಮೊದಲ ವರ್ಷಗಳು. ಕೊಲ್ಹಾಪುರ ಸೀಮೆಯ ನಮ್ಮೂರು ನೇಸರಿಯಲ್ಲಿ ಅಪ್ಪ ಕಬ್ಬು, ಎಮ್ಮೆ ನೋಡಿಕೊಂಡಿದ್ದ. ಅಣ್ಣ ಇಚಲಕರಂಜಿಯಲ್ಲಿ ಪವರ್‌ಲೂಮ್ ಹಾಕಿದ್ದ. ಕೆಳಗೆ ಮಗ್ಗ, ಮೇಲೆ ಮನೆ. ಗಡಹಿಂಗ್ಲಜದಲ್ಲಿ ಮೆಟ್ರಿಕ್ ಮುಗಿಸಿದ ನಾನು ಅಣ್ಣನ ಕೈಕೆಳಗೆ ಸೇರಿದ್ದೆ. ವೈನಿ — ಅಣ್ಣನ ಹೆಂಡತಿ — ನಾನಿನ್ನೂ ಚಡ್ಡಿ ಹಾಕುವ ವಯಸ್ಸಿನಲ್ಲಿ ನಮ್ಮ ಮನೆ ತುಂಬಿದವರು. ನನಗೆ ಬುತ್ತಿ ಕಟ್ಟಿದವರು, ಅಪ್ಪನ ಹೊಡೆತದಿಂದ ಬಿಡಿಸಿದವರು. ನಗು ಬಂದರೆ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು, ಆದರೂ ನಗು ಮಾತ್ರ ಬೀದಿಗೆ ಕೇಳುತ್ತಿತ್ತು.

ಹಡಗಿನಲ್ಲಿ ನೌಕರಿಗಿದ್ದ ಅಣ್ಣನ ಗೆಳೆಯನೊಬ್ಬ ಒಮ್ಮೆ ರಜೆಯಲ್ಲಿ ಬಂದಾಗ ಒಂದು ಉದ್ದನೆಯ ಪೆಟ್ಟಿಗೆ ತಂದ. ಒಳಗೆ ಕೂಸಿನ ಹಾಗೆ ಮಲಗಿತ್ತು ಆ ಹೆಲಿಕಾಪ್ಟರ್. ನಿಂಬೆಹಣ್ಣಿನಷ್ಟು ಎಂಜಿನ್, ಕಟ್ಟಿಗೆಯ ಎರಡು ರೆಕ್ಕೆ, ಬಾಲದಲ್ಲಿ ಪುಟ್ಟ ಪಂಖ. ಪಕ್ಕದಲ್ಲಿ ಅದನ್ನು ದೂರದಿಂದ ಆಡಿಸಲು, ಎರಡು ಕಡ್ಡಿ ಮತ್ತು ಉದ್ದನೆಯ ಏರಿಯಲ್ ಇದ್ದ ಕೈಪೆಟ್ಟಿಗೆ. ಹರಳೆಣ್ಣೆ ಬೆರೆಸಿದ ಇಂಧನ ಹಾಕಿ ಚಾಲೂ ಮಾಡಿದರೆ ಮನೆಯೆಲ್ಲ ಬಾಣಂತಿ ಕೋಣೆಯ ವಾಸನೆ. ಹಡಗಿನಲ್ಲಿ ಇದನ್ನು ಎಲ್ಲಿ ಹಾರಿಸಲಿ, ನೀವೇ ಇಟ್ಟುಕೊಂಡಿರಿ, ಮುಂದೆ ಬಂದಾಗ ಒಯ್ಯುತ್ತೇನೆ ಎಂದ. ಹೋಗುವ ಮುನ್ನ ಒಂದು ದಿನ ಕುಳಿತು ನಮಗೆ ಪಾಠ ಹೇಳಿದ.

"ಆಟದ ಸಾಮಾನ ಅಂತ ತಿಳಿಬ್ಯಾಡ್ರಿ ಮತ್ತ. ಇದು ತಿರುಗೋ ಕುಡಗೋಲು," ಎಂದ. "ಮೊದ್ಲ ಕೈಯಾಗಿನ ಪೆಟಿಗಿ ಚಾಲೂ, ಆಮ್ಯಾಲ ಇದು. ಬಂದ್ ಮಾಡುವಾಗ ಮೊದ್ಲ ಇದು, ಆಮ್ಯಾಲ ಪೆಟಿಗಿ. ರೆಕ್ಕಿ ಪೂರಾ ನಿಲ್ಲೂತನ ಯಾರೂ ಹತ್ರ ಹೋಗಾಂಗಿಲ್ಲ. ಜನರ ತಲಿ ಮ್ಯಾಲಂತೂ ಒಯ್ಯಾಂಗೇ ಇಲ್ಲ. ನಿಂತಲ್ಲೇ ನಿಲ್ಲಸೂದ ನೀವಽ ಕಲೀಬಹುದು. ಮುಂದ ಮುಂದ ಹಾರಿಸೂದ ಮಾತ್ರ ಬಲ್ಲವರ ಹತ್ರಽ ಕಲೀರಿ. ಇಲ್ಲಾಂದ್ರ ಒಡದ ಹೋಗ್ತೈತಿ, ಇಲ್ಲಾ ಯಾರದರ ಕಣ್ಣು ಹೋಗ್ತೈತಿ."

ವಾರಕ್ಕೊಂದು ದಿನ ಮಗ್ಗಗಳಿಗೆ ಕರೆಂಟ್ ಇರುತ್ತಿರಲಿಲ್ಲ. ಆ ದಿನ ಊರಿಗೇ ಕಿವಿ ಮುಚ್ಚಿದಂತಾಗುತ್ತಿತ್ತು. ಮನೆಯ ಹಿಂದಿನ ಬಯಲಿಗೆ ನಾನು ಹೆಲಿಕಾಪ್ಟರ್ ಒಯ್ಯುತ್ತಿದ್ದೆ. ಉರುಳಬಾರದೆಂದು ಅದರ ಕಾಲಿಗೆ ಎರಡು ಬೆತ್ತ ಅಡ್ಡಡ್ಡ ಕಟ್ಟಿ ತುದಿಗಳಿಗೆ ಮಕ್ಕಳ ಪ್ಲಾಸ್ಟಿಕ್ ಚೆಂಡು ಸಿಕ್ಕಿಸಿದ್ದೆವು. ಅದು ಮೂರು ದಿನ ಉಪವಾಸ ಇದ್ದ ಜೇಡನಂತೆ ಕಾಣುತ್ತಿತ್ತು. ನನಗೋ ಅವಸರ. ಮೇಲೆ, ಇನ್ನೂ ಮೇಲೆ — ಅದು ಓರೆಯಾಗಿ ಜಾರಿ, ಕುಣಿದು, ಮಣ್ಣು ತಿಂದು ನಿಲ್ಲುತ್ತಿತ್ತು. ಗ್ಯಾಲರಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ವೈನಿ ನಗುತ್ತಿದ್ದರು.

"ಏ ಬಾಳೂ, ಏನ್ ರಂಟಿ ಹೊಡದು ನೆಲಾ ಉಳಾಕತ್ತೀ?"

"ನಗಬ್ಯಾಡ್ರಿ ವೈನಿ. ನೀವು ಬಂದು ಮಾಡಿ ತೋರಿಸ್ರಿ ನೋಡೂನು!"

ಬಂದೇಬಿಟ್ಟರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಪೆಟ್ಟಿಗೆ ಹಿಡಿದರು. ಎಡಗೈ ಕಡ್ಡಿ ಎತ್ತರಕ್ಕೆ, ಬಲಗೈ ಕಡ್ಡಿ ಹಿಂದೆ ಮುಂದೆ ಅಕ್ಕಪಕ್ಕಕ್ಕೆ. ಅವರು ಅದನ್ನು ಎತ್ತಲೇ ಇಲ್ಲ! ನೆಲದ ಮೇಲೆಯೇ ಕೊಂಚ ಹಗುರ ಮಾಡಿ ಅತ್ತ ಜಾರಿಸಿದರು, ಇತ್ತ ಜಾರಿಸಿದರು, ಇಳಿಸಿದರು. ಇಡೀ ದಿನ ಅಷ್ಟೇ. ಮುಂದಿನ ವಾರವೂ ಅಷ್ಟೇ.

"ಇದೇನ ಹಾರಿಸೂದು?" ಎಂದೆ ನಾನು.

"ಇಳಿಸಾಕ ಕಲ್ಯಾಕತ್ತೇನಿ. ಏರೂದ ತಾನಽ ಬರ್ತೈತಿ," ಎಂದರು. "ನೀ ಕೈ ನೋಡ್ಕೋತ ನಿಂದರ್ತಿ, ಅದರ ಮೂತಿ ನೋಡೂದಽ ಇಲ್ಲ."

ಹಾರಿಸುವ ಮುನ್ನ ಪ್ರತಿ ತಿರುಪನ್ನೂ ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು. ರೆಕ್ಕೆಗಳನ್ನು ದಾರಕ್ಕೆ ತೂಗುಹಾಕಿ, ಹಗುರವಿದ್ದ ಕಡೆ ಪಟ್ಟಿ ಅಂಟಿಸಿ ಸರಿತೂಗಿಸುತ್ತಿದ್ದರು. ನನಗೆ ಬೇಸರ. ಒಮ್ಮೆ ಅವರಿಲ್ಲದಾಗ ಇದನ್ನೆಲ್ಲ ಬಿಟ್ಟು ಚಾಲೂ ಮಾಡಿದೆ — ರೆಕ್ಕೆ ಕಿತ್ತು ಹಾರಿ ಗೋದಾಮಿನ ಬಾಗಿಲಿಗೆ ನಾಟಿತು. ಆಮೇಲೆ ನಾನೂ ತಿರುಪು ಮುಟ್ಟಿ ನೋಡತೊಡಗಿದೆ.

ಮಳೆಗಾಲ ಕಳೆಯುವ ಹೊತ್ತಿಗೆ ವೈನಿ ಅದನ್ನು ಎದೆಯೆತ್ತರಕ್ಕೆ ಏರಿಸಿ, ಗಾಳಿಗೆ ಎದುರಾಗಿ, ಗೂಟಕ್ಕೆ ಕಟ್ಟಿದ ಹಾಗೆ ನಿಲ್ಲಿಸುತ್ತಿದ್ದರು. ಮೊದಲ ಸಲ ಹಾಗೆ ನಿಂತಾಗ ಅವರು ಕೂಗಲಿಲ್ಲ, ನಗಲಿಲ್ಲ. ಅದರ ಮೂತಿಯಿಂದ ಕಣ್ಣು ಕೀಳಲಿಲ್ಲ. ಇಳಿಸಿದ ಮೇಲೆ ನನ್ನ ತೋಳು ಹಿಡಿದು ಗಿರಗಿರ ತಿರುಗಿಸಿದರು — ಇಬ್ಬರೂ ಮಣ್ಣಿನಲ್ಲಿ ಕುಸಿದು ಕುಳಿತು ನಕ್ಕೆವು. ಅಂಥ ಸಂತೋಷ ನಾನು ಬದುಕಿನಲ್ಲಿ ಹೆಚ್ಚು ಸಲ ಕಂಡಿಲ್ಲ.

"ನಿಂತಲ್ಲೇ ನಿಲ್ಲಸೂದ ಬಂತು," ಎಂದರು ಆಮೇಲೆ. "ಇನ್ನ ಮುಂದ ಹಾರಿಸೂದ ಯಾರ ಹೇಳಿಕೊಡ್ತಾರೋ ಬಾಳೂ?" ಅಂದಿನಿಂದ ಅವರಿಗೆ ಅದೊಂದೇ ಹಂಬಲ. ಬಲ್ಲವರು ಒಬ್ಬರು ಸಿಗಬೇಕು.

ಒಂದು ದಿನ ಅಪ್ಪ ಹೇಳದೆ ಕೇಳದೆ ಎಸ್.ಟಿ. ಬಸ್ಸಿನಿಂದ ಇಳಿದು ನೇರ ಬಯಲಿಗೇ ಬಂದ. ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತ ಸೊಸೆಯನ್ನು ನೋಡಿದ. ಕೂಗಾಡಲಿಲ್ಲ. "ಮನಿ ಸೊಸಿ ಬಯಲಾಗ ನಿಂತು ಆಟಾ ಆಡೂದ ಇಲ್ಲಿಗಽ ಸಾಕು," ಎಂದ. ಹಿಂದೆಯೇ ಬಂದ ಅಣ್ಣ ಅಪ್ಪನ ಚೀಲ ಎತ್ತಿಕೊಂಡ. ವೈನಿ ಪೆಟ್ಟಿಗೆಯನ್ನು ನನ್ನ ಕೈಗಿಟ್ಟು ಒಳಗೆ ಹೋದರು.

ಮುಂದಿನ ವಾರ ಉಪಾಯ ಹುಡುಕಿದ್ದೂ ಅವರೇ. ಬಿಸ್ಕೀಟಿನ ಡಬ್ಬಿಗೆ ಕಪ್ಪು ಬಣ್ಣ ಬಳಿದು, ಕೆಟ್ಟ ಟ್ರಾನ್ಸಿಸ್ಟರಿನ ಏರಿಯಲ್ ಜೋಡಿಸಿ, ನೂಲು ಸುತ್ತುವ ಕಾಂಡಿಯ ತುಂಡುಗಳನ್ನು ಕಡ್ಡಿಯಂತೆ ಸಿಕ್ಕಿಸಿ ನನಗೆ ಕೊಟ್ಟರು. "ನೀ ಬಯಲಾಗ ನಿಂದರು. ನಾ ಗ್ಯಾಲರಿ ಚಿಕ್ಕಿನ ಹಿಂದಿಂದ ಹಾರಿಸ್ತೇನಿ." ಬಿದಿರಿನ ಆ ಪರದೆಯಿಂದ ಹೊರಗೆ ಚಾಚಿದ್ದ ನಿಜವಾದ ಪೆಟ್ಟಿಗೆಯ ಏರಿಯಲ್‌ಗೆ ಒಂದು ಟವೆಲ್ ಹಾಕಿದರು — ನೋಡಿದವರಿಗೆ ಬಟ್ಟೆ ಒಣಹಾಕುವ ಕೋಲು! ಅಣ್ಣನಿಗೆ ಎಲ್ಲ ಗೊತ್ತಿತ್ತು. "ನಾ ಏನೂ ನೋಡಿಲ್ಲಪಾ," ಎಂದು ಮೀಸೆಯಲ್ಲಿ ನಗುತ್ತ ಮಗ್ಗದ ಕಡೆ ಹೋಗುತ್ತಿದ್ದ. ಮುಂದಿನ ಸಲ ಅಪ್ಪ ಬಂದಾಗ ನನ್ನ 'ಹಾರಾಟ' ನೋಡಿ ಹಿಗ್ಗಿದ. ಅವನ ಹಿಂದೆಯೇ, ಪರದೆಯ ಮರೆಯಲ್ಲಿ, ಸೆರಗಿಗೆ ಬಾಯಿ ಒತ್ತಿಕೊಂಡ ನಗು.

ಹಿಗ್ಗಿದ ಅಪ್ಪ ನಾನು ಕಲಿತ ಹೈಸ್ಕೂಲಿಗೇ ಹೋಗಿ ಹೇಳಿಬಂದ. ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ನಮ್ಮ ಬಾಳು ಹೆಲಿಕಾಪ್ಟರ್ ಹಾರಿಸುತ್ತಾನೆ! ನಾನು ಗಾಬರಿಯಾಗಿ ವೈನಿಯ ಹತ್ತಿರ ಓಡಿದೆ. ವೈನಿ ಮಾತ್ರ ಹಿಂಜರಿಯಲಿಲ್ಲ. ಸುತ್ತ ಹಗ್ಗ ಕಟ್ಟಿಸು, ಮಕ್ಕಳು ಹಗ್ಗದ ಈಚೆ ಬರಕೂಡದು, ಗಾಳಿ ಜೋರಾದರೆ ಹಾರಿಸುವುದಿಲ್ಲ — ಇಷ್ಟು ಹೇಳಿ, ಆ ದಿನ ತಲೆನೋವೆಂದು ನೆಪ ಮಾಡಿ, ನಿಜವಾದ ಪೆಟ್ಟಿಗೆಯನ್ನು ಬುತ್ತಿಯ ಚೀಲದ ತಳಕ್ಕಿಟ್ಟುಕೊಂಡು, ಮೈದಾನಕ್ಕೆ ಮುಖವಿದ್ದ ಮಹಡಿಯ ಮೇಲಿನ ಖಾಲಿ ಕ್ಲಾಸಿನ ಕಿಟಕಿಗೆ ಹೋಗಿ ಕುಳಿತರು.

ಮೈದಾನ ಕಿಕ್ಕಿರಿದಿತ್ತು. ನಾನು ಎಂಜಿನ್ ಚಾಲೂ ಮಾಡಿ, ದೂರ ಸರಿದು ನಿಂತು, ಟೊಪ್ಪಿಗೆ ಸರಿಮಾಡಿಕೊಂಡೆ — ಅದೇ ನಮ್ಮ ಸನ್ನೆ. ಧೂಳೆದ್ದಿತು. ಹೆಲಿಕಾಪ್ಟರ್ ಮೆಲ್ಲಗೆ ಎದ್ದು ಎದೆಯೆತ್ತರಕ್ಕೆ ನಿಂತಿತು. ಮತ್ತೆ ಎಳೆಯ ತೆಂಗಿನ ಮರದಷ್ಟೆತ್ತರ. ಆಮೇಲೆ — ಇದನ್ನು ಅವರು ನನಗೂ ಹೇಳಿರಲಿಲ್ಲ — ತಾನಿದ್ದಲ್ಲೇ ನಿಧಾನ ತಿರುಗಿ, ಜನರತ್ತ ಮೂತಿ ಮಾಡಿ, ಕೊಂಚ ಬಾಗಿ ನಮಸ್ಕಾರ ಮಾಡಿತು! ಮೂತಿ ಹಾರಿಸುವವರ ಕಡೆ ತಿರುಗಿದರೆ ಕಡ್ಡಿಯ ಎಡಬಲ ಅದಲುಬದಲಾಗುತ್ತವೆ. ಅದನ್ನು ಯಾವಾಗ ಕಲಿತಿದ್ದರೋ. ಸಿಳ್ಳೆ, ಚಪ್ಪಾಳೆ. ನಾನು ಬೆರಗಾಗಿ ಕಡ್ಡಿ ಆಡಿಸುವುದನ್ನೇ ಮರೆತಿದ್ದೆ.

"ಏ ಬಾಳ್ಯಾ!" ಹಳೆಯ ವರ್ಗಮಿತ್ರನೊಬ್ಬ ಕೂಗಿದ. "ನಿನ್ನ ಕೈ ನಿಂತಾವು, ಅದು ಇನ್ನೂ ಹಾರಾಕತ್ತೈತಿ!"

ಎಲ್ಲರೂ ನಕ್ಕರು. ಸುಣ್ಣದ ಗೆರೆಯೊಳಗೆ ಅದು ಹೂವಿನಂತೆ ಇಳಿಯಿತು.

ಹಾರ ಹಾಕಿದರು. ಹೆಗಲ ಮೇಲೆ ಹೊತ್ತರು. ಕಾರ್ಯಕ್ರಮಕ್ಕೆ ಬಂದಿದ್ದ ಅತಿಥಿ ಕೊಲ್ಹಾಪುರದ ಒಬ್ಬ ಫೌಂಡ್ರಿ ಮಾಲೀಕರು, ಸ್ವತಃ ರೇಡಿಯೋ ವಿಮಾನ ಹಾರಿಸುವವರು. ಅವರು ನನ್ನನ್ನು ಒಬ್ಬನನ್ನೇ ತಮ್ಮ ಕಾರಿನ ಬಳಿ ಕರೆದೊಯ್ದರು. ಅಪ್ಪ ದೂರದಲ್ಲಿ ಮಾಸ್ತರರೊಂದಿಗೆ ಚಹಾ ಕುಡಿಯುತ್ತಿದ್ದ, ಅವನಿಗೆ ಏನೂ ಕೇಳುವಂತಿರಲಿಲ್ಲ. ಅತಿಥಿ ನನ್ನ ಡಬ್ಬಿಯನ್ನು ನೋಡಿದರು, ಕಾಂಡಿಯ ತುಂಡುಗಳನ್ನು ನೋಡಿದರು. ಅವರಿಗೆ ತಿಳಿದುಹೋಗಿತ್ತು. ಸಿಟ್ಟಾಗಲಿಲ್ಲ. ಮರಾಠಿಯಲ್ಲಿ ಮೆಲ್ಲಗೆ ಹೇಳಿದರು: ಯಾರ ಕೈಯೇ ಇರಲಿ, ಬಹಳ ಒಳ್ಳೆಯ ಕೈ. ನನ್ನ ಮಗಳೂ ಹಾರಿಸುತ್ತಾಳೆ. ಹಾರಿಸಿದವರು ಯಾರೇ ಆಗಲಿ, ರವಿವಾರ ಕೊಲ್ಹಾಪುರಕ್ಕೆ ಕಳಿಸು, ಮುಂದಿನದನ್ನೆಲ್ಲ ನಾನು ಕಲಿಸುತ್ತೇನೆ.

ವೈನಿ ಆಗಲೇ ಮಹಡಿಯಿಂದ ಇಳಿದು ಬಂದು ನನ್ನ ಬೆನ್ನ ಹಿಂದೆ, ಬುತ್ತಿಯ ಚೀಲ ಹಿಡಿದು ನಿಂತಿದ್ದರು. ಎಲ್ಲ ಕೇಳಿದ್ದರು. ಮುಖ ಅರಳಿತ್ತು. ಒಂದು ಹೆಜ್ಜೆ ಮುಂದಿಟ್ಟರು.

"ಖರಂ ಸಾಂಗ್," ಎಂದರು ಅತಿಥಿ, ನಿಜ ಹೇಳು. "ತೂಚ್ ಉಡವಲಂಸ್ ಕಾ?" ನೀನೇ ಹಾರಿಸಿದೆಯಾ?

"ಹೋಯ್," ಎಂದೆ ನಾನು. "ಮೀಚ್."

ಹೌದು, ನಾನೇ. ಇಷ್ಟೇ ಮಾತು. ಮುಂದಿಟ್ಟ ಆ ಹೆಜ್ಜೆ ಹಿಂದೆ ಸರಿಯಿತು.

ಯಾಕೆ ಹಾಗೆಂದೆ? ಅಪ್ಪನ ಭಯ ಅನ್ನಬಹುದಿತ್ತು — ಅಪ್ಪ ಅಲ್ಲಿರಲಿಲ್ಲ. ವೈನಿಯ ಮರ್ಯಾದೆ ಕಾಯಲು ಅನ್ನಬಹುದಿತ್ತು — ಆ ಮನುಷ್ಯ ಬಾಗಿಲು ತೆರೆದೇ ನಿಂತಿದ್ದರು. ನನಗೆ ಆ ಗಳಿಗೆ ಬಹಳ ಸಂತೋಷವಾಗಿತ್ತು, ಕೊರಳಲ್ಲಿ ಹಾರವಿತ್ತು, ಅದನ್ನು ತೆಗೆಯಲು ಮನಸ್ಸಾಗಲಿಲ್ಲ. ಬೇರೇನೂ ಇಲ್ಲ.

ಬಸ್ಸಿನಲ್ಲಿ ವೈನಿ ಬುತ್ತಿ ಬಿಚ್ಚಿ ನನ್ನ ಕೈಗಿಟ್ಟರು. ಆಮೇಲೆ ಹೇಳಿದರು, "ಐತವಾರ ಹೋಗು ಮತ್ತ, ತಪ್ಪಿಸಬ್ಯಾಡ. ಎಡಗೈ ಮೆತ್ತಗ ಇರಲಿ." ಬೈದಿದ್ದರೆ ಚೆನ್ನಾಗಿತ್ತು.

ಹೋದೆ. ಆ ಗೃಹಸ್ಥರು ತಮ್ಮ ಹೆಲಿಕಾಪ್ಟರಿನ ಪೆಟ್ಟಿಗೆ ನನ್ನ ಕೈಗಿತ್ತರು. ಎತ್ತಿದೆ, ಅದು ಓರೆಯಾಗಿ ಓಡಿತು. ಅವರು ತಟ್ಟನೆ ಪೆಟ್ಟಿಗೆ ಕಸಿದುಕೊಂಡು ಸುರಕ್ಷಿತವಾಗಿ ಇಳಿಸಿದರು. ನನ್ನ ಮುಖ ನೋಡಿದರು — ಈಗಲಾದರೂ ಹೇಳು ಎಂಬಂತೆ. "ಕಣ್ಣಿಗೆ ಬಿಸಿಲು ಹೊಡೆಯಿತು," ಎಂದೆ. ಮತ್ತೆ ಅಲ್ಲಿಗೆ ಹೋಗಲಿಲ್ಲ.

ಮನೆಗೆ ಬಂದಾಗ ವೈನಿ ಬಾಗಿಲಲ್ಲೇ ಕಾಯುತ್ತಿದ್ದರು. "ಮುಂದ ಹಾರಿಸೂದ ಹೇಳಿಕೊಟ್ರೇನು?"

"ಹ್ಞೂಂ."

"ಹೆಂಗ ಮಾಡೂದು? ಮೊದ್ಲ ಮೂತಿ ಬಗ್ಗಸೂದೋ, ಎತ್ತರಾ ಏರಿಸೂದೋ? ನನಗೂ ಹೇಳೋ ಬಾಳೂ."

"ಆಮ್ಯಾಲ ಹೇಳ್ತೇನಿ ವೈನಿ."

ಆ ಆಮೇಲೆ ಬರಲೇ ಇಲ್ಲ. ಅವರು ಇನ್ನೆರಡು ಸಲ ಕೇಳಿದರು, ಆಮೇಲೆ ಕೇಳುವುದನ್ನು ಬಿಟ್ಟರು. ಮರುವರ್ಷ ಹಡಗಿನ ಗೆಳೆಯ ಬಂದು ತನ್ನ ಹೆಲಿಕಾಪ್ಟರ್ ಒಯ್ದ. ಆ ತನಕವೂ ಅದರ ರೆಕ್ಕೆಗೆ ಧೂಳು ಕೂರಲು ವೈನಿ ಬಿಟ್ಟಿರಲಿಲ್ಲ.

ಅಪ್ಪ ಹೋದ. ಅಣ್ಣನೂ ಹೋದ. ಮಗ್ಗಗಳು ಮಾರಿಹೋದವು. ವೈನಿ ಇಚಲಕರಂಜಿಯ ಅದೇ ಮನೆಯಲ್ಲಿದ್ದಾರೆ, ಮೊಮ್ಮಕ್ಕಳ ನಡುವೆ, ಅದೇ ಬೀದಿಗೆ ಕೇಳುವ ನಗುವಿನೊಂದಿಗೆ. ಮೊನ್ನೆ ಒಂದು ತೊಟ್ಟಿಲ ಕಾರ್ಯದಲ್ಲಿ ಅಣ್ಣನ ಮಗ ಮತ್ತೆ ನನ್ನ ಪರಾಕ್ರಮ ಬಣ್ಣಿಸಿದ. ಪುಟ್ಟ ಮೊಮ್ಮಗಳೊಬ್ಬಳು ವೈನಿಯನ್ನು ಕೇಳಿದಳು, "ಅಮ್ಮಾ, ನೀ ನೋಡೀಯೇನು?"

"ನೋಡೇನವ್ವಾ," ಎಂದರು ಅವರು. "ಭಾಳ ಚಲೋ ಹಾರಿತ್ತು." ನನ್ನ ಕಡೆ ನೋಡಿ ನಕ್ಕರು. ಆ ನಗುವಿನಲ್ಲಿ ಸಿಟ್ಟು ಹುಡುಕಿದೆ — ಸಿಗಲಿಲ್ಲ. ಅಲ್ಲೇ ಚಹಾ ಬಂತು. ಕುಡಿದೆ.

ಇನ್ನು ಚಹಾಕ್ಕಾಗಿ ಕಾಯುವುದಿಲ್ಲ. ಬರೆದ ಈ ಹಾಳೆಗಳನ್ನು ಅವರ ಮನೆಗೇ ಒಯ್ದು, ಮಕ್ಕಳು ಮೊಮ್ಮಕ್ಕಳೆಲ್ಲ ಕೂಡಿದಾಗ, ಅವರ ಎದುರಿಗೇ ನಿಂತು ಓದುತ್ತೇನೆ. ಅವರು ಕ್ಷಮಿಸಲಿ ಎಂದು ಕೇಳುವ ಮುಖ ನನಗಿಲ್ಲ. ನಿಜ ಹೇಳುವ ಬಾಯಿ ಇನ್ನೂ ಇದೆ. ಗಡಹಿಂಗ್ಲಜದ ಮೈದಾನದಲ್ಲಿ ಆ ಹೆಲಿಕಾಪ್ಟರನ್ನು ಹಾರಿಸಿದವರು, ಅದನ್ನು ಜನರ ಮುಂದೆ ಬಾಗಿಸಿ ನಮಸ್ಕಾರ ಮಾಡಿಸಿದವರು, ನನ್ನ ಬಾಯಿಂದ ಇಂದಿನವರೆಗೂ ತಪ್ಪಾಯಿತು ಎಂಬ ಒಂದು ಮಾತೂ ಸಿಗದವರು — ಹಲಕರ್ಣಿ ಊರಿನ ಮಗಳು, ನನ್ನ ವೈನಿ, ಶಕುಂತಲಾ.