ಮಾವನ ಲಾರಿಗೆ ಹಚ್ಚಿದ ಧೂಳು

ತೊಂಬತ್ತರ ದಶಕದ ಕೊನೆ. ನಾನು ಹರಪನಹಳ್ಳಿಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್. ಮಂಡಿನೋವಿನಿಂದ ಕ್ಲಚ್ ಒತ್ತಲಾಗದೆ ನಮ್ಮ ಮಾವ, ನನ್ನ ಗಂಡನ ತಂದೆ, ಆ ವರ್ಷ ತಮ್ಮ ಲಾರಿ ಮಾರಿದ್ದರು. ಮೆಕ್ಕೆಜೋಳ ಹೇರಿಕೊಂಡು ಊರೂರು ತಿರುಗಿದ್ದವರು ಆಮೇಲೆ ಬಸ್‌ಸ್ಟ್ಯಾಂಡಿನ ಕಡೆಗೂ ಹೋಗುತ್ತಿರಲಿಲ್ಲ, ದಾರಿಯಲ್ಲಿ ಲಾರಿಗಳು ನಿಂತಿರುತ್ತವೆ ಎಂದು. ಮನೆಯಲ್ಲೂ ಯಾರೂ ಆ ಸುದ್ದಿ ಎತ್ತುವಂತಿರಲಿಲ್ಲ. ನನಗೆ ಅದನ್ನು ನೋಡಲಾಗಲಿಲ್ಲ. ತೆಳು ಹಲಗೆ, ತಗಡು ಕತ್ತರಿಸಿ ಮೊಳದುದ್ದದ ಲಾರಿ ಮಾಡಿದೆ. ಇದು ನನ್ನ ಗಾಡಿ ಎಂಬ ಮಾತು ಅವರ ಬಾಯಲ್ಲಿ ಒಮ್ಮೆ ಬಂದರೆ ಸಾಕಿತ್ತು.

ಹಳೇ ಫೋಟೋ ನೋಡಿ ಬಣ್ಣ ಬಳಿದು ಮುಂದಿಟ್ಟೆ.

"ಚೆಂದ ಐತವ್ವಾ. ಷೋರೂಮಿನಾಗಿಂದ ತಂದಂಗೈತಿ" ಎಂದು ಪೇಪರ್ ಮುಖಕ್ಕೆ ಹಿಡಿದರು.

ಹೊಗಳಿಕೆಯೇ, ಆದರೂ ನನಗೆ ಮೈ ಉರಿಯಿತು. ಇದನ್ನು ಹಳೇದು ಮಾಡಿಯೇ ತೋರಿಸುತ್ತೇನೆ ಎಂದು ಹಟ ಹಿಡಿದೆ.

ಬಣ್ಣವನ್ನೆಲ್ಲ ಕೆರೆದು, ಮೊದಲು ತುಕ್ಕಿನ ಬಣ್ಣ ಬಳಿದೆ. ಒಣಗಿದ ಮೇಲೆ ನೀರು ಸವರಿ, ಅಲ್ಲಲ್ಲಿ ಅಡುಗೆ ಉಪ್ಪು ಉದುರಿಸಿ, ಅದರ ಮೇಲೆ ಹಸಿರು ಹಚ್ಚಿದೆ. ಅದೂ ಒಣಗಿದಾಗ ಉಪ್ಪು ಉಜ್ಜಿದರೆ ಹಸಿರು ಚಕ್ಕೆಯೆದ್ದು ಒಳಗಿನ ತುಕ್ಕು ಇಣುಕುತ್ತಿತ್ತು. ಹೊಗೆಕೊಳವೆಗೆ ದೀಪದ ಮಸಿ, ತಾಡಪಾಲಿಗೆ ಚಹಾದ ಡಿಕಾಕ್ಷನ್. ಈಗಲೂ ಉಪ್ಪಿನ ಡಬ್ಬಿ ತೆರೆದರೆ ಒಮ್ಮೊಮ್ಮೆ ಆ ಸಂಜೆಗಳು ನೆನಪಾಗುತ್ತವೆ.

ಗಾಲಿಗೆ ಇಟ್ಟಿಗೆ ಪುಡಿ ಹಚ್ಚುವಾಗ ಮಾವ ಪೇಪರ್ ಇಳಿಸಿದರು.

"ಅದು ಕೂಡ್ಲಿಗಿ ಕಡಿ ಮಣ್ಣವ್ವಾ. ಹಡಗಲಿ ದಾರ್ಯಾಗ ಕರಿಮಣ್ಣು ಹತ್ತತೈತಿ. ಮತ್ತ ಬಲಗಡಿ ಡೋರಿನ ಬಣ್ಣ ಸವಸು. ಅಲ್ಲಿ ನನ್ನ ಮೊಣಕೈ ಇರ್ತಿತ್ತು."

ಹಡಗಲಿ ಬಸ್ಸಿನವರಿಂದ ಕರಿಮಣ್ಣು ತರಿಸಿ ಹಚ್ಚಿದೆ. ಡೋರು ಸವೆಸಿದೆ.

"ಈಗ ನಿಮ್ಮ ಗಾಡಿ ಆತಲ್ರಿ ಮಾವಾ?"

"ಎಲ್ಲೀದವ್ವಾ. ಆಟಿಗಿ ಸಾಮಾನು" ಎಂದು ಎದ್ದು ಹೋದರು. ಸೋತು ಅದನ್ನು ಷೋಕೇಸಿನಲ್ಲಿಟ್ಟೆ.

ಆಯುಧ ಪೂಜೆಯ ಬೆಳಿಗ್ಗೆ ಹಿತ್ತಲಿಗೆ ಹೋದರೆ, ಮಾವ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಲಾರಿ ಇಟ್ಟುಕೊಂಡು, ಸೋಪಿನ ಪುಡಿ ಹಾಕಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಿದ್ದಾರೆ! ಮಸಿ, ಚಹಾ, ಎರಡು ತಾಲ್ಲೂಕಿನ ಮಣ್ಣು ಎಲ್ಲ ಬಚ್ಚಲಿಗೆ ಹರಿಯುತ್ತಿತ್ತು.

"ಮಾವಾ! ತಿಂಗಳ ಕೆಲಸರೀ ಅದು!" ಕಿರುಚಿಯೇಬಿಟ್ಟೆ. ಅವರೆದುರು ನಾನು ಎಂದೂ ಧ್ವನಿ ಏರಿಸಿದವಳಲ್ಲ.

ನನ್ನ ಸಿಟ್ಟು ಅವರಿಗೆ ಅರ್ಥವೇ ಆಗಲಿಲ್ಲ. "ಹಬ್ಬದ ದಿನ ಗಾಡಿ ಹೊಲಸು ಇಡ್ತಾರೇನವ್ವಾ?"

ಒರೆಸಿ, ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂ ಸಿಕ್ಕಿಸಿದರು. ಆ ಗಾಲಿಗಳ ಕೆಳಗೆ ನಿಂಬೆಹಣ್ಣು ಹಿಡಿಸುವುದಿಲ್ಲವಲ್ಲ, ಹಣ್ಣು ಹೆಚ್ಚಿ ಬೀಜ ಆರಿಸಿ ಗಾಲಿಗೊಂದರಂತೆ ಇಟ್ಟರು. ಬಾಗಿಲಲ್ಲೇ ನಿಂತಿದ್ದೆ.

ಮಂಡಿ ಹಿಡಿದುಕೊಂಡು ಬಗ್ಗಿದವರು ತಲೆಯೆತ್ತಿದರು.

"ಆ ಕಡಿ ಸರಿಯವ್ವಾ, ಗಾಡಿ ತೆಗೀತೀನಿ."

ನಾನು ದಾರಿ ಬಿಟ್ಟೆ.