ಮಸ್ಕತ್ತಿನಿಂದ ದೇವನೂರಿಗೆ ಎಷ್ಟು ಗಂಟೆ

ಕೊರೊನಾ ಬರುವುದಕ್ಕೆ ಹಿಂದಿನ ವರ್ಷ. ನಂಜನಗೂಡಿನ ಬಸ್ ನಿಲ್ದಾಣದ ಹತ್ತಿರ ನಾನು ಟಿಕೆಟ್ ಬುಕಿಂಗ್ ಅಂಗಡಿ ತೆರೆದು ಹದಿನಾಲ್ಕು ವರ್ಷವಾಗಿತ್ತು. ಡಿಸೆಂಬರ್‌ನ ಒಂದು ಸಂಜೆ ಐದೂವರೆಗೆ ದೇವನೂರಿನ ಮಹದೇವಸ್ವಾಮಿ ಬಂದರು. ಅವರ ತಾಯಿ ತೀರಿಹೋಗಿ ಒಂದು ಗಂಟೆಯಾಗಿತ್ತು. ತಂಗಿ ಮಂಗಳಾ ಮಸ್ಕತ್ತಿನ ಆಸ್ಪತ್ರೆಯಲ್ಲಿ ನರ್ಸ್. ಎರಡು ವರ್ಷದಿಂದ ಊರಿಗೆ ಬಂದಿರಲಿಲ್ಲ. ಮರುದಿನ ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕು, ಅಷ್ಟರಲ್ಲಿ ತಂಗಿ ತಾಯಿಯ ಮುಖ ನೋಡಿಕೊಳ್ಳಬೇಕು ಎಂದರು.

ಮಸ್ಕತ್ತಿಗೂ ಬೆಂಗಳೂರಿಗೂ ಆಕಾಶದಲ್ಲಿ ಸುಮಾರು ಎರಡು ಸಾವಿರದ ಮುನ್ನೂರು ಕಿಲೋಮೀಟರ್. ಬೆಳಿಗ್ಗೆ ಎಂಟೂವರೆಯ ವಿಮಾನದಲ್ಲಿ ಸೀಟು ಸಿಕ್ಕಿತು. ಟಿಕೆಟ್ಟನ್ನು ಮಂಗಳಾ ಅವರ ಫೋನಿಗೆ ಕಳಿಸಿದೆ.

"ಎಷ್ಟೊತ್ತು ಇಡೀತದೆ ಸಾ ಪ್ಲೇನು?" ಎಂದು ಮಹದೇವಸ್ವಾಮಿ ಕೇಳಿದರು.

"ಮೂರೂಕಾಲು ಗಂಟೆ" ಎಂದೆ.

ಅವರು ಬೆರಳು ಮಡಚಿ ಎಣಿಸಿ, ತಲೆಯಾಡಿಸಿ ಹೊರಟುಹೋದರು. ನಾನು ಮುಂದಿನವರ ರೈಲು ಟಿಕೆಟ್ಟಿಗೆ ಕೈ ಹಾಕಿದೆ.

ಅವರ ಲೆಕ್ಕ ಏನಿತ್ತೆಂದು ಆಮೇಲೆ ಗೊತ್ತಾಯಿತು. ಎಂಟೂವರೆಗೆ ಹೊರಟರೆ ಹನ್ನೊಂದೂಮುಕ್ಕಾಲಿಗೆ ಬೆಂಗಳೂರು, ಅಲ್ಲಿಂದ ಕಾರಿನಲ್ಲಿ ನಾಲ್ಕೂವರೆ ಗಂಟೆ, ನಾಲ್ಕೂಕಾಲಿಗೆ ಮನೆ. ಹಾಗೆಂದು ಹೆಣ ಇಡುವ ಐಸ್ ಪೆಟ್ಟಿಗೆಯೂ ಬೇಡವೆಂದಿದ್ದರು.

ಮರುದಿನ ಸಂಜೆ ಐದಕ್ಕೆ ಫೋನ್ ಬಂತು. ತಂಗಿ ಇನ್ನೂ ಬಂದಿಲ್ಲ, ಅವಳ ಒಮಾನ್ ಸಿಮ್ಮಿಗೆ ಫೋನು ಹೋಗುತ್ತಿಲ್ಲ ಎಂದರು. ನಾನು ಟಿಕೆಟ್ ತೆರೆದು ನೋಡಿದೆ. ಬೆಂಗಳೂರಿಗೆ ಇಳಿಯುವುದು ಒಂದೂಕಾಲಿಗೆ. ಮಸ್ಕತ್ತಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಅದನ್ನು ನಾನು ಹೇಳಿರಲಿಲ್ಲ. ಇಳಿದ ಮೇಲೆ ಇಮಿಗ್ರೇಷನ್ ಸಾಲಿನಲ್ಲಿ ಪಾಸ್‌ಪೋರ್ಟ್ ತೋರಿಸಿ, ಲಗೇಜು ತೆಗೆದುಕೊಂಡು ಹೊರಬರಲು ಮುಕ್ಕಾಲು ಗಂಟೆಯಾದರೂ ಬೇಕು. ಅದನ್ನೂ ಹೇಳಿರಲಿಲ್ಲ.

"ಏಳು ಗಂಟೆಯಾಗ್ತದೆ ಮಹದೇವಸ್ವಾಮಿ" ಎಂದೆ.

ಆ ಕಡೆಯಿಂದ ಜಾಗಟೆ ಸದ್ದು ಕೇಳುತ್ತಿತ್ತು.

"ಒತ್ತು ಮುಳುಗ್ತದೆ ಅಂತ ಎತ್ಬುಟ್ಟೋ ಸಾ. ತ್ವಾಟದ್ ದಾರೀಲಿ ಅವ್ರೆ."

ಹೆಣವನ್ನು ಮನೆಯಿಂದ ಎತ್ತಿದ ಮೇಲೆ ಮತ್ತೆ ಒಳಗೆ ತರುವುದಿಲ್ಲ. ಅಂಗಡಿ ಮುಚ್ಚಿ ಸ್ಕೂಟರಿನಲ್ಲಿ ಹೊರಟೆ. ನಾನು ತಲುಪುವಷ್ಟರಲ್ಲಿ ಅವರ ತೋಟದಲ್ಲಿ ಮಣ್ಣು ಮುಚ್ಚಿದ್ದರು. "ಎತ್ತಿನ್ ಗಾಡೀಲಿ ಬಂದಿದ್ರೂ ಬಂದ್ಬುಡೋಳು ಕಣ್ರೀ" ಎಂದು ಹಿರಿಯರೊಬ್ಬರು ನನ್ನ ಮುಖಕ್ಕೇ ಹೇಳಿದರು.

ಆರು ಐವತ್ತಕ್ಕೆ ಕಾರು ಬಂತು. ಮಂಗಳಾ ನೇರ ತೋಟಕ್ಕೆ ನಡೆದು ಬಂದು ಹೊಸ ಮಣ್ಣಿನ ಮುಂದೆ ನಿಂತರು. ಅವರಲ್ಲಿ ಹೆಣವನ್ನು ಕೂರಿಸಿ ಹೂಳುತ್ತಾರೆ.

"ಯಾವ ಕಡೆ ಮುಖ ಮಾಡಿ ಕೂರ್ಸಿದ್ದೀಯಣ್ಣ?"

"ಮೂಡ್ಲಾಗೆ ಕಣವ್ವ."

ಅವರು ಸುತ್ತಿ ಬಂದು ಮೂಡಲ ಬದಿಯಲ್ಲಿ, ತಾಯಿಗೆ ಎದುರಾಗಿ ಕುಳಿತರು. ಒದ್ದೆ ಮಣ್ಣಿನ ಮೇಲೆ ಅಂಗೈಯನ್ನು ಒಂದೆಡೆ ಇಟ್ಟು, ತೆಗೆದು, ಇನ್ನೊಂದೆಡೆ ಇಟ್ಟು ನೋಡಿದರು. ಎಷ್ಟೋ ಹೊತ್ತಿನ ಮೇಲೆ ನಾನು ಹತ್ತಿರ ಹೋಗಿ, ತಪ್ಪು ನನ್ನದು, ಸರಿಯಾಗಿ ಹೇಳಿದ್ದರೆ ನಾಳೆವರೆಗೆ ಇಟ್ಟುಕೊಳ್ಳುತ್ತಿದ್ದರು ಎಂದೆ.

"ಸರಿಯಾಗೇ ಹೇಳಿದ್ದೀರಿ ಸಾರ್" ಎಂದರು, ತಿರುಗಿ ನೋಡದೆ. "ಪ್ಲೇನು ಮೂರೂಕಾಲು ಗಂಟೇನೇ ಬಂತು."

ಅಂದಿನಿಂದ, ವಿಮಾನ ಎಷ್ಟು ಹೊತ್ತು ಎಂದು ಯಾರು ಕೇಳಿದರೂ ನಾನು ಥಟ್ಟನೆ ಉತ್ತರ ಕೊಡುವುದಿಲ್ಲ. ಊರಲ್ಲಿ ಯಾರು ಕಾಯುತ್ತಿದ್ದಾರೆ, ಯಾತಕ್ಕೆ ಎಂದು ಮೊದಲು ಕೇಳುತ್ತೇನೆ. ಆಮೇಲೆ ಅವರ ಮನೆಯ ಹೊಸ್ತಿಲು ಮುಟ್ಟುವ ಹೊತ್ತನ್ನು ನಮ್ಮ ಗಡಿಯಾರದಲ್ಲಿ ಲೆಕ್ಕ ಹಾಕಿ, ಒಂದು ಚೀಟಿಯಲ್ಲಿ ಬರೆದು ಕೈಗೆ ಕೊಡುತ್ತೇನೆ.